ನೀರಿನ ಹದ

ನಮ್ಮ ನುಡಿಯಲ್ಲಿ ‘ಹದ’ ಎಂಬುದೊಂದು ಅರ್ಥಗರ್ಭಿತವಾದ ಮಾತು. ಬೆಲ್ಲದ ಪಾಕಕ್ಕೆ ಹದವುಂಟು, ಉಳುವ ನೆಲಕ್ಕೆ ಹದವುಂಟು. ಔಷಧಕ್ಕೂ ಉಂಟೆಂಬುದನ್ನು ನಾನು ಕಲಿತದ್ದು ಬಹಳ ತಡವಾಗಿ.

ಎರಡು ವರ್ಷಗಳ ಹಿಂದೆ ನನ್ನ ಮೊಮ್ಮಗನಿಗೆ ವಾಂತಿಭೇದಿಯಾಯಿತು. ತಂದಿದ್ದ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿಯಾಗಿ ಒಂದೇ ಲೋಟ ನೀರಿಗೆ ಸುರಿದು ಕದಡಿದೆ. ಗಟ್ಟಿಯಾದಷ್ಟೂ ಗುಣ ಹೆಚ್ಚೆಂಬುದು ನನ್ನ ತರ್ಕ. ನೆರೆಮನೆಯ ದಾದಿಯೊಬ್ಬರು ಲೋಟವನ್ನು ಕೈಯಿಂದ ಕಸಿದುಕೊಂಡು, “ಇದು ಒಂದು ಲೀಟರಿನ ಪುಡಿ, ಮೇಷ್ಟ್ರೇ. ಓದಲಿಲ್ಲವೆ?” ಎಂದರು. ಮೂವತ್ತು ವರ್ಷ ಕಾವ್ಯಪಾಠ ಹೇಳಿದವನು ಪೊಟ್ಟಣದ ಮೇಲಿನ ಎರಡು ಸಾಲನ್ನು ಓದಿರಲಿಲ್ಲ!

ಆ ಪುಡಿಯನ್ನು ಎಷ್ಟು ಎಚ್ಚರದಿಂದ ಹೊಂದಿಸಿದ್ದಾರೆಂಬುದು ಆಮೇಲೆ ತಿಳಿಯಿತು. 2002ರಲ್ಲಿ ಪರಿಷ್ಕೃತವಾದ ಸೂತ್ರದಂತೆ, ಲೀಟರಿಗೆ ಗ್ಲೂಕೋಸು 13.5 ಗ್ರಾಂ, ಉಪ್ಪು 2.6, ಸೋಡಿಯಂ ಸಿಟ್ರೇಟು 2.9, ಪೊಟ್ಯಾಸಿಯಂ ಕ್ಲೋರೈಡು 1.5, ಒಟ್ಟು 20.5 ಗ್ರಾಂ. ಗ್ಲೂಕೋಸು ಇಲ್ಲಿ ಬರಿಯ ಸಿಹಿಗಲ್ಲ. ಅದರೊಡಗೂಡಿಯೇ ಸೋಡಿಯಂ ಕರುಳಿನ ಗೋಡೆಯನ್ನು ದಾಟುತ್ತದೆ. ಅವೆರಡನ್ನೂ ನೀರು ಹಿಂಬಾಲಿಸುತ್ತದೆ. ನೀರು ಕಡಿಮೆಯಾಯಿತೋ, ಗಾಢವಾದ ದ್ರಾವಣ ದೇಹದ ನೀರನ್ನೇ ಕರುಳಿಗೆ ಸೆಳೆದುಬಿಡುತ್ತದೆ. ರಕ್ತದಲ್ಲಿ ಉಪ್ಪಿನಂಶ ಏರುತ್ತದೆ. ನೀರು ಹೆಚ್ಚಾದರೆ ಕಳೆದುಹೋದ ಲವಣ ತುಂಬಿಬಾರದು.

ಪುಡಿಯಾಗಿರುವುದರಲ್ಲಿಯೂ ಒಂದು ವಿವೇಕವಿದೆ. ನೀರಿನ ಭಾರವಿಲ್ಲ, ಬಹುಕಾಲ ಕೆಡುವುದಿಲ್ಲ. ಹಿಂದಿನ ಸೂತ್ರದಲ್ಲಿ ಸಿಟ್ರೇಟಿನ ಸ್ಥಾನದಲ್ಲಿ ಅಡುಗೆ ಸೋಡಾ ಇತ್ತು. ಸೆಕೆ, ತೇವಗಳಲ್ಲಿ ಆ ಪುಡಿ ಬೇಗ ಕೆಡುತ್ತಿದ್ದುದರಿಂದ 1980ರ ದಶಕದಲ್ಲಿ ಅದನ್ನು ಬದಲಿಸಿದರು.

1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಕೊಡುವ ಸಲೈನು ಸಾಲದೆ ಹೋಯಿತು. ಡಾ. ದಿಲೀಪ್ ಮಹಲನಬೀಸರು ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೀಳುವಂತೆ ಪುಡಿಯನ್ನು ಪೊಟ್ಟಣ ಕಟ್ಟಿಸಿ ತರಿಸಿದರು. ಕುಡಿಸಿದವರಲ್ಲಿ ಬಹುಮಂದಿ ರೋಗಿಗಳ ಬಂಧುಗಳೇ. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿ 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು; ಪದ್ಮವಿಭೂಷಣ ಬಂದದ್ದು ಮರುವರ್ಷ.

ಔಷಧ ಮಾಡುವವರು ಎಲ್ಲವನ್ನೂ ತೂಗಿಕೊಡಬಲ್ಲರು, ನೀರೊಂದನ್ನುಳಿದು. ಆ ಕೊನೆಯ ಅಳತೆ ಮನೆಯವರ ಕೈಯಲ್ಲಿದೆ. ಲೀಟರಿನ ಪೊಟ್ಟಣವುಂಟು, 200 ಮಿಲಿಲೀಟರಿನ ಲೋಟಕ್ಕೆಂದೇ ಮಾಡಿದ ಸಣ್ಣ ಪೊಟ್ಟಣವೂ ಉಂಟು, ಓದಿ ಕದಡಬೇಕು. ಕುದಿಸಿ ಆರಿಸಿದ ನೀರಾಗಿರಲಿ. 24 ಗಂಟೆ ಕಳೆದರೆ ಚೆಲ್ಲಿಬಿಡಿ.

ಅಂದು ದಾದಿ ಹದವಾಗಿ ಕದಡಿಕೊಟ್ಟದ್ದನ್ನು ಮಗು ರಾತ್ರಿಯೆಲ್ಲ ಚಮಚೆ ಚಮಚೆಯಾಗಿ ಕುಡಿಯಿತು. ಬೆಳಗಾಗುವಾಗ ಅತ್ತಿತು, ಕಣ್ಣಲ್ಲಿ ನೀರಿತ್ತು. ಅಳುವನ್ನು ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.