ಶ್ರುತಿಗೆ ಬಿದ್ದ ಚಪ್ಪಾಳೆ

(ಬಾನುಲಿ ಭಾಷಣ)

ನಮ್ಮ ಮನೆಗಳ ಗೋಡೆಯ ಮೇಲೆ ತೂಗುವ ಪಂಚಾಂಗದಲ್ಲಿ ದಿನಕ್ಕೊಂದು ತಿಥಿ, ನಕ್ಷತ್ರ, ರಾಹುಕಾಲಗಳಿರುವಂತೆ ರಾಕ್ ಸಂಗೀತದ ಅಭಿಮಾನಿಗಳಿಗೂ ತಮ್ಮದೇ ಆದ ಒಂದು ಪಂಚಾಂಗವುಂಟು. ಯಾವ ದಿನ ಯಾವ ಗಾಯಕ ಹುಟ್ಟಿದ, ಯಾವ ತಟ್ಟೆ ಹೊರಬಂತು, ಯಾವ ವೃಂದ ಒಡೆದುಹೋಯಿತು ಎಂಬುದನ್ನೆಲ್ಲ ಅವರು ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುತ್ತಾರೆ. ಕನ್ನಡ ಅಧ್ಯಾಪಕನಾಗಿ ಬದುಕು ಸವೆಸಿದ ನನಗೆ ಆ ಪಂಚಾಂಗದ ಗೊಡವೆ ಇರಲಿಲ್ಲ. ಆದರೂ ಅದರ ಒಂದು ಪುಟದ ಮುಂದೆ ನಾನು ತಲೆ ತಗ್ಗಿಸಬೇಕಾಯಿತು. ಆ ಪುಟ ಆಗಸ್ಟ್ ೧. ಅದರ ವಿಷಯವಾಗಿ ಶ್ರೋತೃಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಇಂದಿನ ನನ್ನ ಉದ್ದೇಶ.

ಆ ದಿನದ ಕೆಳಗೆ ಬರೆದಿರುವ ಹಲವು ಸಂಗತಿಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದು ಒಂದು ಜನನ. ೧೯೪೨ರ ಆಗಸ್ಟ್ ೧ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜೆರ್ರಿ ಗಾರ್ಸಿಯ ಹುಟ್ಟಿದ. ೧೯೬೫ರಲ್ಲಿ ರೂಪುಗೊಂಡ 'ಗ್ರೇಟ್‌ಫುಲ್ ಡೆಡ್' ಎಂಬ ವೃಂದದಲ್ಲಿ ಅವನು ಗಿಟಾರ್ ನುಡಿಸುತ್ತಿದ್ದ, ಹಾಡುತ್ತಿದ್ದ. ಒಂದೇ ಹಾಡನ್ನು ಎರಡು ರಾತ್ರಿ ಒಂದೇ ರೀತಿಯಲ್ಲಿ ನುಡಿಸದ ವೃಂದವೆಂದು ಅದಕ್ಕೆ ಹೆಸರು. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವುದರ ದೂರದ ನೆಂಟ ಅದು. ತಮ್ಮ ಕಛೇರಿಗಳನ್ನು ಕೇಳುಗರೇ ಧ್ವನಿಮುದ್ರಿಸಿಕೊಂಡು ಒಬ್ಬರಿಗೊಬ್ಬರು ಹಂಚಿಕೊಳ್ಳಲು ಅವರು ಅಡ್ಡಿಪಡಿಸಲಿಲ್ಲ. ೧೯೮೪ರಲ್ಲಿ ಅಂಥವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳವನ್ನೂ ಕಾದಿರಿಸಿದರು. ಗಾರ್ಸಿಯ ೧೯೯೫ರಲ್ಲಿ ತೀರಿಕೊಂಡ. ಕೇಳುಗರು ಕೂಡಿಟ್ಟ ಆ ಮುದ್ರಿಕೆಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ.

ಎರಡನೆಯ ಸಂಗತಿ ನಮಗೆ ಹತ್ತಿರದ್ದು. ೧೯೭೦ರ ನವೆಂಬರಿನಲ್ಲಿ ಪೂರ್ವ ಬಂಗಾಳದ ಕರಾವಳಿಯನ್ನು ಭೀಕರವಾದ ಚಂಡಮಾರುತವೊಂದು ಕೊಚ್ಚಿಹಾಕಿತು. ಆ ಗಾಯ ಮಾಯುವ ಮೊದಲೇ, ೧೯೭೧ರ ಮಾರ್ಚ್ ೨೫ರ ರಾತ್ರಿ ಪಾಕಿಸ್ತಾನದ ಸೈನ್ಯ ಢಾಕಾ ನಗರದ ಮೇಲೆ ಬಿತ್ತು. ಅದಾದ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಪಂಡಿತ್ ರವಿಶಂಕರರು ಆಗ ಅಮೆರಿಕದಲ್ಲಿದ್ದರು. ಅವರು ಹುಟ್ಟಿದ್ದು ಕಾಶಿಯಲ್ಲಾದರೂ ಪೂರ್ವಿಕರ ನೆಲ ಪೂರ್ವ ಬಂಗಾಳ. ಅವರ ಗುರು ಬಾಬಾ ಅಲ್ಲಾವುದ್ದೀನ್ ಖಾನರ ಊರೂ ಅಲ್ಲಿಯದೇ. ಒಂದು ಕಛೇರಿ ನಡೆಸಿ ೨೫,೦೦೦ ಡಾಲರುಗಳಷ್ಟನ್ನಾದರೂ ಕೂಡಿಸಬೇಕೆಂಬುದು ಅವರ ಆಸೆಯಾಗಿತ್ತು. ಆ ಸಂಕಟವನ್ನು ಅವರು ತೋಡಿಕೊಂಡದ್ದು ತಮ್ಮ ಶಿಷ್ಯ ಜಾರ್ಜ್ ಹ್ಯಾರಿಸನ್ನನ ಮುಂದೆ.

ಹ್ಯಾರಿಸನ್ ಬೀಟಲ್ಸ್ ವೃಂದದವನು. ೧೯೬೫ರಲ್ಲಿ ಒಂದು ಹಾಡಿಗೆ ಸಿತಾರ್ ನುಡಿಸಿದ ಅವನು ಮರುವರ್ಷ ಮುಂಬಯಿಗೇ ಬಂದು ರವಿಶಂಕರರ ಬಳಿ ಕುಳಿತು ಕಲಿತ. ೧೯೭೧ರ ಹೊತ್ತಿಗೆ ಬೀಟಲ್ಸ್ ಒಡೆದಿತ್ತು. ಅವನಿಗೆ ಇಪ್ಪತ್ತೆಂಟು ವರ್ಷ. ಗುರುವಿನ ಮಾತು ಕೇಳಿ ಕೆಲವೇ ವಾರಗಳಲ್ಲಿ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂಡಿಸಿದ. ರಿಂಗೊ ಸ್ಟಾರ್, ಎರಿಕ್ ಕ್ಲಾಪ್ಟನ್, ಬಿಲ್ಲಿ ಪ್ರೆಸ್ಟನ್, ಲಿಯಾನ್ ರಸೆಲ್ ಬಂದರು. ೧೯೬೬ರ ಅಪಘಾತದ ಅನಂತರ ವೇದಿಕೆಗೆ ಅಪರೂಪವಾಗಿಬಿಟ್ಟಿದ್ದ ಬಾಬ್ ಡಿಲನ್ ಕೂಡ ಬಂದ. ೧೯೭೧ರ ಆಗಸ್ಟ್ ೧, ಭಾನುವಾರ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಕಛೇರಿಗಳು ನಡೆದವು. ಎರಡಕ್ಕೂ ಸೇರಿ ಬಂದವರು ಸುಮಾರು ೪೦,೦೦೦ ಜನ.

ಆರಂಭ ನಮ್ಮ ಸಂಗೀತದಿಂದ. ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲಾ, ಕಮಲಾ ಚಕ್ರವರ್ತಿಯವರ ತಂಬೂರಿ. ಇದು ಗಂಭೀರವಾಗಿ ಕೇಳಬೇಕಾದ ಸಂಗೀತ, ದಯವಿಟ್ಟು ನುಡಿಸುವಾಗ ಧೂಮಪಾನ ಬೇಡ ಎಂದು ರವಿಶಂಕರರು ಸಭೆಯನ್ನು ಕೇಳಿಕೊಂಡರು. ಬಳಿಕ ವಾದ್ಯಗಳನ್ನು ಶ್ರುತಿಗೊಳಿಸಿದರು. ಶ್ರುತಿ ಕೂಡಿ ಕೈ ನಿಲ್ಲುತ್ತಲೇ ಸಭಾಂಗಣದಲ್ಲಿ ಚಪ್ಪಾಳೆ ಮೊಳಗಿತು! ರವಿಶಂಕರರು ನಕ್ಕು, ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದ ಮಾತನಾಡಿ 'ಬಾಂಗ್ಲಾ ಧುನ್' ಆರಂಭಿಸಿದರು.

ಈ ಪ್ರಸಂಗ ನನ್ನ ಕಿವಿಗೆ ಬಿದ್ದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಹೊಸ ಉಪನ್ಯಾಸಕ. ರಸಾಸ್ವಾದವನ್ನು ಕುರಿತು ಪಾಠ ಮಾಡುವಾಗಲೆಲ್ಲ ಇದನ್ನು ಹೇಳಿ ತರಗತಿಯನ್ನು ನಗಿಸುತ್ತಿದ್ದೆ. ಸಹೃದಯನಲ್ಲದವನ ಮುಂದೆ ಕಲೆಯ ಪಾಡು ನೋಡಿ, ಶ್ರುತಿಯಾವುದು ಕೃತಿಯಾವುದು ಎಂಬುದನ್ನರಿಯದ ಜನ, ಎನ್ನುತ್ತಿದ್ದೆ. ಒಂದು ದಿನ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹಿಂದೆಯೇ ಬಂದು, "ಸಾರ್, ತಾವು ಆ ತಟ್ಟೆ ಕೇಳಿದ್ದೀರಾ?" ಎಂದು ವಿನಯದಿಂದಲೇ ಕೇಳಿದ. ಕೇಳಿರಲಿಲ್ಲ. ಅಷ್ಟೇ ಅಲ್ಲ, ರೇಡಿಯೊ ಸಿಲೋನಿನಲ್ಲಿ ಇಂಗ್ಲಿಷ್ ಹಾಡು ಬಂದರೆ ತಿರುಗಣೆ ತಿರುಗಿಸಿಬಿಡುತ್ತಿದ್ದೆ. ಬಹು ದಿನಗಳವರೆಗೆ ರಾತ್ರಿಯ ಹಿಂದುಸ್ತಾನಿ ಕಛೇರಿಗೂ ನಾನು ಕೊಟ್ಟ ಮರ್ಯಾದೆ ಅದೇ. ಅರ್ಥವಾಗದ್ದಕ್ಕೆ ಚಪ್ಪಾಳೆ ತಟ್ಟಿದವರನ್ನು ನಗುತ್ತಿದ್ದ ನಾನು ಅರ್ಥವಾಗದ್ದನ್ನು ಕೇಳಿಯೇ ಇರಲಿಲ್ಲ. ಹುಡುಗನಿಗೆ ಏನು ಉತ್ತರ ಕೊಟ್ಟೆನೆಂಬುದು ನೆನಪಿಲ್ಲ. ಸುಳ್ಳು ಹೇಳಲಿಲ್ಲವೆಂಬುದಷ್ಟೇ ಸಮಾಧಾನ.

ಅವನ ಸೋದರಮಾವನೊಬ್ಬರು ಬೆಂಗಳೂರಿನಲ್ಲಿದ್ದರು. ಆ ಬೇಸಿಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಹೋದಾಗ ಒಂದು ಸಂಜೆ ಅವರ ಮನೆಯಲ್ಲಿ ಕುಳಿತೆ. ಮೂರು ತಟ್ಟೆಗಳ ಪೆಟ್ಟಿಗೆ ಅದು. ಮೇಲೆ ಖಾಲಿ ತಟ್ಟೆಯ ಮುಂದೆ ಕುಳಿತ, ಎಲುಬು ಹಂದರವಾದ ಒಂದು ಮಗುವಿನ ಚಿತ್ರ. ಅದನ್ನು ನೋಡಿದ ಮೇಲೆ ಹಾಡು ಕೇಳಲು ಮನಸ್ಸಾದರೂ ಹೇಗೆ ಬರಬೇಕು! ಆದರೂ ಕೇಳಿದೆ. ಆ ಚಪ್ಪಾಳೆ ಬಂತು. ತರಗತಿಯಲ್ಲಿ ನಕ್ಕಂತೆ ಅಲ್ಲಿ ನಗು ಬರಲಿಲ್ಲ. ಡಿಲನ್ನನನ್ನೂ ಕ್ಲಾಪ್ಟನ್ನನನ್ನೂ ಕೇಳಬೇಕೆಂದು ಹಣ ತೆತ್ತು ಬಂದ ಹರೆಯದವರು, ಹೆಸರು ಗೊತ್ತಿಲ್ಲದ ವಾದ್ಯಗಳಿಗೆ, ಅದುವರೆಗೆ ಹೆಸರೇ ಕೇಳಿರದ ದೇಶವೊಂದರ ಸಲುವಾಗಿ, ಮೌನವಾಗಿ ಕಿವಿ ಕೊಟ್ಟು ಕೂತಿದ್ದರು. ಅವರ ಸರ್ಕಾರ ಆಗ ಪಾಕಿಸ್ತಾನದ ಬೆಂಬಲಕ್ಕೆ ನಿಂತಿತ್ತೆಂಬುದನ್ನೂ ನಾವು ಮರೆಯಬಾರದು. ಚಪ್ಪಾಳೆ ತುಸು ಮುಂಚೆ ಬಿತ್ತು, ನಿಜ. ಅದು ಅಜ್ಞಾನವಿರಬಹುದು, ಅನಾದರವಂತೂ ಅಲ್ಲ. ಎರಡಕ್ಕೂ ಇರುವ ಅಂತರವನ್ನು ಅಲಂಕಾರಶಾಸ್ತ್ರ ಬೋಧಿಸುತ್ತಿದ್ದ ನಾನು ಅರಿತಿರಲಿಲ್ಲ.

ಆ ದಿನದ ಪ್ರವೇಶಧನವಾಗಿ ಬಂದ ೨,೪೩,೦೦೦ಕ್ಕೂ ಮಿಕ್ಕ ಡಾಲರುಗಳು ಯುನಿಸೆಫ್ ಸಂಸ್ಥೆಗೆ ಸಂದವು. ತಟ್ಟೆಯಿಂದಲೂ ಚಲನಚಿತ್ರದಿಂದಲೂ ಬಂದ ಹೆಚ್ಚಿನ ಹಣದ ಕಥೆ ಬೇರೆ. ತೆರಿಗೆಯ ವಿನಾಯಿತಿಗೆ ಬೇಕಾದ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಲಿಲ್ಲವಾಗಿ ಅದರ ಬಹುಭಾಗ ವರ್ಷಗಟ್ಟಲೆ ತಡೆಹಿಡಿಯಲ್ಪಟ್ಟಿತು. ಹಸಿವು ಕಡತದ ದಾರಿ ಕಾಯುವುದಿಲ್ಲ. ಸದುದ್ದೇಶಕ್ಕೂ ಲೆಕ್ಕಪತ್ರ ಬೇಕೆಂಬ ಈ ಪಾಠವನ್ನು ೧೯೮೫ರ 'ಲೈವ್ ಏಡ್'ನಂಥ ಮುಂದಿನ ಸಹಾಯಾರ್ಥ ಕಛೇರಿಗಳವರು ಕಲಿಯಬೇಕಾಗಿತ್ತು.

ಮೂರನೆಯ ಸಂಗತಿ ಸರಿಯಾಗಿ ಹತ್ತು ವರ್ಷಗಳ ಅನಂತರದ್ದು. ೧೯೮೧ರ ಆಗಸ್ಟ್ ೧, ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಅಮೆರಿಕದಲ್ಲಿ ಎಂ.ಟಿ.ವಿ. ಎಂಬ ದೂರದರ್ಶನ ವಾಹಿನಿ ಆರಂಭವಾಯಿತು. ಹಗಲಿರುಳೂ ಹಾಡಿನ ಚಿತ್ರಗಳನ್ನು ತೋರಿಸುವುದೇ ಅದರ ಕಾಯಕ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಅದು ಆಗ ಕಾಣುತ್ತಿರಲಿಲ್ಲವಾಗಿ ವಾಹಿನಿಯವರೇ ನದಿ ದಾಟಿ ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ ಕುಳಿತು ತಮ್ಮ ಕೂಸಿನ ಮೊದಲ ಅಳುವನ್ನು ಕೇಳಿದರು. ಅವರು ಮೊತ್ತಮೊದಲು ತೋರಿಸಿದ್ದು ಬಗಲ್ಸ್ ಎಂಬ ಇಂಗ್ಲೆಂಡಿನ ವೃಂದದ, ೧೯೭೯ರಲ್ಲಿ ಹೊರಬಂದಿದ್ದ, 'ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್' ಎಂಬ ಹಾಡನ್ನು. ಬಾನುಲಿಯ ಗಾಯಕನನ್ನು ಚಿತ್ರ ಕೊಂದಿತೆಂಬುದು ಆ ಹೆಸರಿನ ಅರ್ಥ. ಅದನ್ನು ಬಾನುಲಿಯಲ್ಲಿ ಕುಳಿತೇ ನಿಮಗೆ ಹೇಳುತ್ತಿದ್ದೇನೆ!

ಆ ವಾಹಿನಿಯಿಂದ ಹಲವರು ಮೇಲೆ ಬಂದರು. ಆದರೆ ಆರಂಭದ ವರ್ಷಗಳಲ್ಲಿ ಅಲ್ಲಿ ಕರಿಯ ಕಲಾವಿದರು ಕಾಣಿಸಿದ್ದು ತೀರ ಕಡಿಮೆ. ೧೯೮೩ರಲ್ಲಿ ಗಾಯಕ ಡೇವಿಡ್ ಬೋವಿ ಆ ವಾಹಿನಿಯ ಸಂದರ್ಶನದಲ್ಲೇ ಇದೇಕೆ ಹೀಗೆಂದು ನೇರವಾಗಿ ಕೇಳಿದ. ಅದೇ ವರ್ಷ ಮೈಕೆಲ್ ಜಾಕ್ಸನ್ನನ ಹಾಡುಗಳು ಆ ಬಾಗಿಲನ್ನು ತೆರೆದವು. ಕಣ್ಣಿನಂತೆ ಕಿವಿಗೆ ಬಣ್ಣ ಕಾಣದು ಎನ್ನಲು ಮನಸ್ಸಾಗುತ್ತದೆ. ಆದರೆ ಅಮೆರಿಕದ ರೇಡಿಯೊ ಕೇಂದ್ರಗಳೂ ಬಹುಕಾಲ ಬಣ್ಣಕ್ಕೊಂದರಂತೆ ಬೇರೆಯಾಗಿದ್ದವು. ತಪ್ಪು ಯಂತ್ರದ್ದಲ್ಲ. ಮುಂದೆ ಎಂ.ಟಿ.ವಿ.ಯೇ ಸಂಗೀತವನ್ನು ಮೂಲೆಗೊತ್ತಿ ಬೇರೆ ಬಗೆಯ ಕಾರ್ಯಕ್ರಮಗಳಿಗೆ ಜಾಗ ಕೊಟ್ಟಿತು. ರೇಡಿಯೊ ಮಾತ್ರ ಉಳಿದುಕೊಂಡಿದೆ. ರವಿಶಂಕರರು ೧೯೪೯ರಿಂದ ೧೯೫೬ರವರೆಗೆ ದಿಲ್ಲಿಯ ಆಕಾಶವಾಣಿಯಲ್ಲಿ ದುಡಿದು ವಾದ್ಯವೃಂದ ಕಟ್ಟಿದವರು. 'ಆಕಾಶವಾಣಿ' ಎಂಬ ಹೆಸರೇ ನಮ್ಮ ಮೈಸೂರಿನಲ್ಲಿ ಪ್ರೊ. ಗೋಪಾಲಸ್ವಾಮಿಯವರು ನಡೆಸಿದ ಕೇಂದ್ರದಿಂದ ಬಂದದ್ದು. ೧೯೭೧ರಲ್ಲಿ ಬಾಂಗ್ಲಾದ ಜನ ಬಾಗಿಲು ಮುಚ್ಚಿಕೊಂಡು ಕೇಳಿದ್ದೂ ತಮ್ಮ ಸ್ವಾಧೀನ ಬಾಂಗ್ಲಾ ಬೇತಾರ್ ಕೇಂದ್ರವನ್ನೇ.

ಹಾಡು ಯುದ್ಧವನ್ನು ನಿಲ್ಲಿಸಿತೆಂದು ನಾನು ಹೇಳಲಾರೆ. ಆಗಸ್ಟಿನ ಕಛೇರಿಯ ಅನಂತರವೂ ಡಿಸೆಂಬರಿನವರೆಗೆ ಜನ ಸಾಯುತ್ತಲೇ ಇದ್ದರು. ಚಿತ್ರದ ಆ ಮಗು ಏನಾಯಿತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ನನ್ನ ಮಟ್ಟಿಗೆ ಆದದ್ದು ಸಣ್ಣದು: ಆ ಬೇಸಿಗೆಯ ಅನಂತರ ತರಗತಿಯಲ್ಲಿ ಆ ಪ್ರಸಂಗವನ್ನು ನಗೆಗೆಂದು ಹೇಳಲಿಲ್ಲ. ತಿರುಗಣೆಯ ಮೇಲೆ ಕೈಯಿಟ್ಟಾಗ ಗುರುತಿಲ್ಲದ ದನಿ ಕೇಳಿಸಿದರೆ ಐದು ನಿಮಿಷವಾದರೂ ಕಾಯುತ್ತೇನೆ. ಶ್ರುತಿ ಮಾಡಿಕೊಳ್ಳುತ್ತಿದ್ದಾರೋ, ಹಾಡೇ ಆರಂಭವಾಗಿದೆಯೋ, ತಿಳಿಯಲು ಅಷ್ಟು ಹೊತ್ತಾದರೂ ಬೇಕಲ್ಲವೆ?