ವಿಂಗಡಿಸುವ ಮಾತುಗಳು

ಇಂಗ್ಲಿಷಿನ ‘ಕ್ಲಾಸಿಫೈ’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನುವಿರಿ ಎಂದು ನನ್ನ ಶಾಲೆಯ ಮಕ್ಕಳನ್ನು ಕೇಳಿದರೆ ಒಂದೇ ಉಸಿರಿಗೆ ಹೇಳಿಯಾರು: ವರ್ಗೀಕರಿಸು, ವಿಂಗಡಿಸು, ಬೇರ್ಪಡಿಸು, ಗುಂಪು ಮಾಡು. ಹಾಗೆ ಹೇಳಿಕೊಟ್ಟವನು ನಾನೇ. ಕನ್ನಡ ಪಂಡಿತನಾದಂದಿನಿಂದ ಕರಿಹಲಗೆಯ ಮೇಲೆ ‘ಸಮಾನಾರ್ಥಕ ಪದಗಳು’ ಎಂಬ ಶಿರೋನಾಮೆಯ ಕೆಳಗೆ ಇಂಥ ಸಾಲುಗಳನ್ನು ಎಷ್ಟು ಬರೆದಿರುವೆನೋ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಸಾಲು ನನ್ನನ್ನು ತಪ್ಪಿತಸ್ಥನನ್ನಾಗಿ ಮಾಡಿತು. ಆ ಸಂಗತಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಅಡುಗೆಮನೆಗೆ ಹೋಗೋಣ.

ಸಿರುಗುಪ್ಪದ ಕಡೆಯ ಭತ್ತ ಅಕ್ಕಿಯಾಗಿ ನಿಮ್ಮ ಮನೆಗೆ ಬರುವ ಮುನ್ನ ಅದನ್ನು ಎಷ್ಟು ಬಗೆಯಾಗಿ ವಿಂಗಡಿಸುತ್ತಾರೆ, ನೋಡಿ. ಕಣದಲ್ಲಿ ಗಾಳಿ ಬಂದಾಗ ತೂರುತ್ತಾರೆ. ಜೊಳ್ಳು ಹಾರಿ ಕಾಳು ನಿಲ್ಲುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳು ಮೊರ ಹಿಡಿದು ಕೇರುತ್ತಾರೆ. ನುಚ್ಚು ಬೇರೆಯಾಗಬೇಕಾದರೆ ಜರಡಿ ಹಿಡಿಯುತ್ತಾರೆ. ಕಲ್ಲನ್ನು ಕಣ್ಣಿಟ್ಟು ಆರಿಸುತ್ತಾರೆ. ಕಣ್ಣಿಗೆ ಬೀಳದ ಕಲ್ಲಿಗಾಗಿ ನೀರಿನಲ್ಲಿ ಜಾಲಿಸುತ್ತಾರೆ. ಇವೆಲ್ಲವೂ ಬೇರ್ಪಡಿಸುವ ಕೆಲಸವೇ. ಆದರೆ ತೂರುವಲ್ಲಿ ತೀರ್ಪು ಕೊಡುವುದು ಗಾಳಿ, ಜರಡಿಯಲ್ಲಿ ಕಣ್ಣಿನ ಅಳತೆ, ಜಾಲಿಸುವಲ್ಲಿ ತೂಕ. ಯಾವುದನ್ನು ಆಧಾರವಾಗಿಟ್ಟುಕೊಂಡು ಬೇರ್ಪಡಿಸಿದರು ಎಂಬುದು ಮಾತಿನೊಳಗೇ ಅಡಗಿದೆ. ಇಂಗ್ಲಿಷಿನ ಆ ಒಂದು ಪದ ಇದನ್ನು ಹೇಳಲಾರದು. ನಮ್ಮ ‘ವರ್ಗೀಕರಿಸು’ ಎಂಬುದೂ ಹೇಳಲಾರದು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಕೇರಿದರೆ, ಆರಿಸಿದರೆ, ಒಂದು ಉಳಿಯುತ್ತದೆ, ಇನ್ನೊಂದು ತಿಪ್ಪೆಗೆ ಬೀಳುತ್ತದೆ. ವರ್ಗೀಕರಣದಲ್ಲಿ ಎಸೆಯುವುದೆಂಬುದಿಲ್ಲ, ಎಲ್ಲಕ್ಕೂ ಒಂದೊಂದು ಕೋಣೆಯುಂಟು. ಅಮರಸಿಂಹನ ಕೋಶವನ್ನು ತೆರೆದರೆ ಇದು ತಿಳಿಯುತ್ತದೆ. ಅದರಲ್ಲಿ ಮೂರು ಕಾಂಡಗಳು, ಕಾಂಡದೊಳಗೆ ವರ್ಗಗಳು. ಗಿಡಮೂಲಿಕೆಗಳು ವನೌಷಧಿವರ್ಗದಲ್ಲಿ, ಮೃಗಗಳು ಸಿಂಹಾದಿವರ್ಗದಲ್ಲಿ. ಅಕಾರಾದಿಯಾಗಿ ಜೋಡಿಸದೆ ಅರ್ಥದ ಬಂಧುತ್ವದಿಂದ ಪದಗಳನ್ನು ಕೂಡಿಸುವ ಈ ಕ್ರಮವನ್ನೇ ಲಂಡನ್ನಿನಲ್ಲಿ ವೈದ್ಯನಾಗಿದ್ದ ಪೀಟರ್ ಮಾರ್ಕ್ ರೋಜೆ ಎಂಬಾತ 1852ರಲ್ಲಿ ಪ್ರಕಟಿಸಿದ ತನ್ನ ಪದಭಂಡಾರದಲ್ಲಿಯೂ ಅನುಸರಿಸಿದ. ಒಂದೇ ಕೋಣೆಯಲ್ಲಿ ಕುಳಿತ ಮಾತ್ರಕ್ಕೆ ಹುಲಿ ಸಿಂಹವಾಗುವುದಿಲ್ಲವಷ್ಟೆ.

ವರ್ಗ ಎಂಬ ಪದವೇ ಒಂದು ಕೌತುಕ. ವ್ಯಾಕರಣದಲ್ಲಿ ಕವರ್ಗದಿಂದ ಪವರ್ಗದವರೆಗೆ ಐದು, ಅವುಗಳ ವರ್ಗೀಯ ವ್ಯಂಜನಗಳು 25. ಗಣಿತದ ಮೇಷ್ಟರಿಗೆ ಐದರ ವರ್ಗವೂ 25! ಕಚೇರಿಯಲ್ಲಿ ‘ಅವರಿಗೆ ವರ್ಗವಾಯಿತು’ ಎಂದರೆ ಗಂಟುಮೂಟೆ ಕಟ್ಟಬೇಕೆಂದರ್ಥ. ಇನ್ನು ಓರಣ, ಅನುಕ್ರಮ, ದರ್ಜೆ ಇವನ್ನೂ ಕೆಲವರು ಇದೇ ಪಟ್ಟಿಗೆ ಸೇರಿಸುವುದುಂಟು. ನನ್ನ ಹಾಜರಿ ಪುಸ್ತಕದಲ್ಲಿ ಹೆಸರುಗಳು ಅನುಕ್ರಮವಾಗಿವೆ. ಅದರಿಂದ ಹುಡುಗರ ವರ್ಗೀಕರಣವೇನೂ ಆಗಿಲ್ಲ.

ಈಗ ನನ್ನ ತಪ್ಪಿನ ಸಂಗತಿ. ವಿದ್ಯಾರ್ಥಿವೇತನದ ಅರ್ಜಿಗಳು ಕಾಗದದ ಮೇಲೆಯೇ ಹೋಗುತ್ತಿದ್ದ ಕಾಲ. ಒಂದು ಸಂಜೆ ಪಾರ್ವತಿನಗರದ ನಮ್ಮ ಮನೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ತನ್ನ ಮಗನನ್ನು ಕರೆದುಕೊಂಡು ಬಂದಳು. ಕುರುಗೋಡಿನ ಕಡೆಯವಳು, ಮೆಣಸಿನಕಾಯಿ ಆರಿಸುವ ಕೂಲಿ. ಹುಡುಗ ನನ್ನ ಶಿಷ್ಯನೇ. ಅವನ ಅರ್ಜಿ ತಿರುಗಿ ಬಂದಿತ್ತು. ಪ್ರಮಾಣಪತ್ರದಲ್ಲಿ ‘ಪರಿಶಿಷ್ಟ ಪಂಗಡ’ ಎಂದಿದೆ. ಹುಡುಗ ಅರ್ಜಿಯಲ್ಲಿ ‘ಪರಿಶಿಷ್ಟ ಜಾತಿ’ ಎಂಬುದಕ್ಕೆ ಗುರುತು ಹಾಕಿದ್ದಾನೆ. ಹೀಗೇಕೆ ಮಾಡಿದೆ ಎಂದು ಗದರಿದೆ. ಅವನು ತಲೆ ತಗ್ಗಿಸಿ, “ಜಾತಿ, ಪಂಗಡ, ವರ್ಗ, ಗುಂಪು ಎಲ್ಲಾ ಒಂದೇ ಅಂತ ನೀವೇ ಬರೆಸಿದ್ರಿ ಸಾರ್” ಎಂದ.

ನನಗೆ ಮಾತು ಹೊರಡಲಿಲ್ಲ. ಸಂವಿಧಾನದ 341ನೆಯ ಅನುಚ್ಛೇದ ಒಂದು ಪಟ್ಟಿಗೆ, 342ನೆಯದು ಇನ್ನೊಂದಕ್ಕೆ. ಹಿಂದುಳಿದ ವರ್ಗಗಳದು ಬೇರೆಯೇ ಪಟ್ಟಿ. ಅದರಲ್ಲಿ ಮತ್ತೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ. ನಮ್ಮ ಬಳ್ಳಾರಿ ಲೋಕಸಭಾ ಕ್ಷೇತ್ರವೇ 2009ರ ಚುನಾವಣೆಯಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಅಲ್ಲಿ ‘ಪಂಗಡ’ವನ್ನು ತೆಗೆದು ‘ಜಾತಿ’ ಎಂದಿಟ್ಟರೆ ಅಭ್ಯರ್ಥಿಯೇ ಬದಲಾಗಬೇಕಾದೀತು. ಸರ್ಕಾರದ ಕಾಗದಗಳೂ ಈ ಗೊಂದಲದಿಂದ ಪೂರ್ತಿ ಮುಕ್ತವಲ್ಲ. ಅದೇ ಪರಿಶಿಷ್ಟ ಪಂಗಡವನ್ನು ಕೆಲವೆಡೆ ‘ಪರಿಶಿಷ್ಟ ವರ್ಗ’ ಎಂದೂ ಬರೆಯುತ್ತಾರೆ. ಆದರೆ ಅದು ನನ್ನ ತಪ್ಪಿಗೆ ಸಮಾಧಾನವಾಗದು. ನಿಘಂಟಿನಲ್ಲಿ ನೆರೆಹೊರೆಯಾಗಿರುವ ಮಾತುಗಳು ಅರ್ಜಿಯಲ್ಲಿ ಬೇರೆ ಬೇರೆ ಊರುಗಳು ಎಂಬುದನ್ನು ಹೇಳಿಕೊಡಬೇಕಾದವನು ನಾನಾಗಿದ್ದೆ.

ಆಕೆ ಮಾತ್ರ ಕೋಪಿಸಿಕೊಳ್ಳಲಿಲ್ಲ. “ಒಂದು ಬೆಳ್ಳನ ಕಾಯಿ ಕೆಂಪಿನಾಗ ಸೇರಿದ್ರ ಚೀಲಾನೇ ವಾಪಸ್ ಕೊಡ್ತಾರ್ರೀ ಸಾರ್. ಮತ್ತ ಆರಿಸಿ ಕೊಡಬೇಕು, ಅಷ್ಟ” ಎಂದಳು.

ಮರುದಿನ ನಾನೇ ಹುಡುಗನೊಡನೆ ಕುಳಿತು ಹೊಸ ಅರ್ಜಿ ಬರೆಸಿದೆ. ಅವಧಿ ಮುಗಿಯಲು ಎರಡು ದಿನ ಉಳಿದಿತ್ತು. ವೇತನ ತಡವಾಗಿಯಾದರೂ ಬಂತು.

ಅಂದಿನಿಂದ ಕರಿಹಲಗೆಯ ಮೇಲೆ ‘ಸಮಾನಾರ್ಥಕ ಪದಗಳು’ ಎಂದು ಬರೆಯುವುದನ್ನು ಬಿಟ್ಟು ‘ಹತ್ತಿರದ ಮಾತುಗಳು’ ಎಂದು ಬರೆಯುತ್ತಿದ್ದೇನೆ. ಪ್ರತಿಯೊಂದರ ಮುಂದೆ, ಅದನ್ನು ಎಲ್ಲಿ ಯಾರು ಬಳಸುವರೆಂದು ಒಂದು ವಾಕ್ಯ. ಮಕ್ಕಳು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡು, ಕಡೆಗೆ, “ಪರೀಕ್ಷೆಗೆ ಯಾವುದು ಸಾರ್?” ಎಂದು ಕೇಳುತ್ತಾರೆ.