ಊರೂರು ತಿರುಗುವವರ ವರ್ಷದ ಲೆಕ್ಕ

ಬತ್ತಲಗುಂಡು ನಾಲ್ಕು ದಾರಿ ಕೂಡುವ ಊರು. ದಿಂಡುಗಲ್ಲಿಗೆ ಒಂದು, ಪೆರಿಯಕುಳಂ-ತೇನಿ ಕಡೆಗೆ ಒಂದು, ನಿಲಕ್ಕೋಟೈ ಮೇಲೆ ಮಧುರೆಗೆ ಒಂದು, ಕೊಡೈಕಾನಲ್ ಬೆಟ್ಟಕ್ಕೆ ಒಂದು. ಈ ದಾರಿಗಳಲ್ಲಿ ಬಸ್ಸು ಲಾರಿಗಳ ಜೊತೆಗೆ ಕುರಿಮಂದೆಗಳೂ ನಡೆಯುತ್ತವೆ. ಮಂದೆಯ ಹಿಂದೆ ಒಂದು ಸಂಸಾರ, ಆ ಸಂಸಾರದ ಹಿಂದೆ ಒಂದು ಖರ್ಚು. ಇಂದಿನ ಮಾತು ಆ ಖರ್ಚಿನ ಬಗ್ಗೆ.

ಕುರಿ ದನಗಳನ್ನು ರಾತ್ರಿ ರೈತನ ಹೊಲದಲ್ಲಿ ಕೂಡಿಹಾಕಿ ಗೊಬ್ಬರ ಬೀಳಿಸುವುದನ್ನು ಇಲ್ಲಿ ತಮಿಳಿನಲ್ಲಿ ಕಿಡೈ ಎನ್ನುತ್ತೇವೆ. ಕನ್ನಡನಾಡಿನಲ್ಲಿ ಮಂದೆ ನಿಲ್ಲಿಸುವುದು ಎನ್ನುತ್ತಾರೆ. ಬೆಳಗಾವಿ ಕಡೆಯ ಕುರುಬರೂ ಇದನ್ನೇ ಮಾಡುತ್ತಾರೆ. ರೈತ ದುಡ್ಡನ್ನೋ ಧಾನ್ಯವನ್ನೋ ಕೊಡುತ್ತಾನೆ. ನಾಲ್ಕು ದಿನ ಒಂದು ಹೊಲ, ಆಮೇಲೆ ಇನ್ನೊಂದು.

ಇವರನ್ನು ನೋಡಿದವರು ಹೇಳುವ ಮಾತೊಂದಿದೆ: "ಇವರಿಗೇನಪ್ಪ, ಮನೆ ಬಾಡಿಗೆ ಇಲ್ಲ, ಕರೆಂಟು ಬಿಲ್ಲಿಲ್ಲ, ಬಂದದ್ದೆಲ್ಲ ಉಳಿತಾಯ." ಹಾಗಾದರೆ ಮಳೆಗಾಲದಲ್ಲಿ ಸಾಲಕ್ಕೆ ಕೈಚಾಚುವವರು ಇವರೇ ಯಾಕೆ? ಇವರೇನು ದುಂದುಗಾರರಲ್ಲ. ವರ್ಷದ ಲೆಕ್ಕವನ್ನು ದಿನದ ಲೆಕ್ಕವೆಂದು ಹಿಡಿಯುವುದರಿಂದ ಈ ಕಷ್ಟ.

ನಮ್ಮ ಕಂಬಂ ಕಣಿವೆಯನ್ನೇ ನೋಡಿ. ಮುಲ್ಲೈ ಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿದ ಮೇಲೆ ಇದು ಎರಡು ಬೆಳೆಯ ನಾಡಾಯಿತು. ಎರಡನೆಯ ಬೆಳೆ ಕೊಯ್ದ ಮೇಲೆ ಬೇಸಗೆಯಲ್ಲಿ ಗದ್ದೆ ಖಾಲಿ. ಆಗ ಕಿಡೈಗೆ ಕರೆಯುವವರು ಬೇಕಾದಷ್ಟು. ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನೀರು ಬಿಟ್ಟರೆ ಗದ್ದೆಯಲ್ಲಿ ನಾಟಿ, ಮಂದೆಗೆ ಜಾಗವಿಲ್ಲ. ಮಾನಾವಾರಿ ಹೊಲಗಳನ್ನು ಹುಡುಕಿಕೊಂಡು ನಡೆಯಬೇಕು. ಐಪ್ಪಸಿ, ಕಾರ್ತಿಗೈ ಮಳೆ ಹಿಡಿದರೆ ನೆಲವೆಲ್ಲ ಕೆಸರು. ಕುರಿಯ ಗೊರಸು ಕೊಳೆಯುತ್ತದೆ, ನೀಲಿ ನಾಲಿಗೆ ರೋಗ ಬರುವುದೂ ಆ ಕಾಲದಲ್ಲೇ. ವರಮಾನ ನಿಂತ ತಿಂಗಳಲ್ಲೇ ಔಷಧಿಯ ಖರ್ಚು ಏರುತ್ತದೆ.

ಒಂದು ಲೆಕ್ಕ ಹಾಕೋಣ. ದರ ಊರಿಗೊಂದು ಇರುತ್ತದೆ, ನಮ್ಮ ಲೆಕ್ಕಕ್ಕೆ ರಾತ್ರಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳೋಣ. ವರ್ಷದಲ್ಲಿ ಕಿಡೈ ಸಿಕ್ಕಿದ್ದು 180 ರಾತ್ರಿ. ಒಟ್ಟು 90,000 ರೂಪಾಯಿ. ಆದರೆ ಹೊಟ್ಟೆಗೆ ವರ್ಷದಲ್ಲಿ 365 ದಿನ. 90,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ 246 ರೂಪಾಯಿ. ಅಂದರೆ ಕೈಗೆ 500 ಬಂದ ದಿನ ನಿಮ್ಮದು 246 ಮಾತ್ರ. ಮಿಕ್ಕ 254 ರೂಪಾಯಿ ಇವತ್ತಿನದಲ್ಲ, ಕಿಡೈ ಸಿಗದ ದಿನದ್ದು. 180 ದಿನ 254ರಂತೆ ತೆಗೆದಿಟ್ಟರೆ 45,720 ಆಗುತ್ತದೆ. ಕಿಡೈ ಇಲ್ಲದ 185 ದಿನಕ್ಕೆ 246ರಂತೆ 45,510 ಬೇಕು. ಲೆಕ್ಕ ಸರಿಹೋಯಿತು, 210 ರೂಪಾಯಿ ಮಿಕ್ಕಿತು.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ನಿಮ್ಮ ದರ 300 ಇರಲಿ, 800 ಇರಲಿ, ರಾತ್ರಿಗಳನ್ನು ಎಣಿಸಿ ಹೀಗೆಯೇ ಭಾಗಿಸಿ. ಏಲಕ್ಕಿ ಕೆಲಸಕ್ಕೆ ಬೋಡಿಮೆಟ್ಟು, ಕುಮಿಳಿ ದಾಟಿ ಇಡುಕ್ಕಿಗೆ ಹೋಗಿಬರುವವರಿಗೂ, ಊರೂರು ತಿರುಗಿ ಸೀರೆ ಮಾರುವವರಿಗೂ ಇದೇ ಲೆಕ್ಕ.

ಇನ್ನು ಖರ್ಚಿನ ಬಾಬ್ತು. ತಿರುಗುವ ಸಂಸಾರಕ್ಕೆ ಒಲೆ ಎರಡು. ಹೊಲದ ಬೀಡಿನಲ್ಲಿ ಒಂದು, ಊರಿನಲ್ಲಿ ಅಜ್ಜಿಯ ಹತ್ತಿರ ಸ್ಕೂಲಿಗೆ ಹೋಗುವ ಮಕ್ಕಳಿಗೆ ಇನ್ನೊಂದು. ಎರಡಕ್ಕೂ ಬೇಳೆ, ಎಣ್ಣೆ, ಸೋಪು ಬೇಕು. ಹೊಸ ಊರಿನಲ್ಲಿ ದಿನಕ್ಕೆ ಬೇಕಾದಷ್ಟೇ ಚಿಲ್ಲರೆಯಾಗಿ ಕೊಂಡರೆ ಬೆಲೆ ಹೆಚ್ಚು ಬೀಳುತ್ತದೆ. ಸಂತೆಯ ದಿನ ವಾರಕ್ಕಾಗುವಷ್ಟು ಒಟ್ಟಿಗೆ ಕೊಳ್ಳಿ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಸಂತೆಗೆ ಅಕ್ಕ ಹೋಗಿಬಂದರೆ ಬಸ್ ಚಾರ್ಜೂ ಉಳಿಯಿತು.

ರೇಷನ್ ಅಕ್ಕಿಯನ್ನು ಬಿಟ್ಟುಬಿಡಬೇಡಿ. "ನಾವು ಊರಲ್ಲಿಲ್ಲ, ಅಕ್ಕಿ ಹೋಯಿತು" ಎನ್ನುವ ಕಾಲ ಕಳೆಯಿತು. 2020ರ ಅಕ್ಟೋಬರಿನಲ್ಲಿ ತಮಿಳುನಾಡು ಒಂದೇ ದೇಶ ಒಂದೇ ರೇಷನ್ ಕಾರ್ಡು ಏರ್ಪಾಡಿಗೆ ಸೇರಿತು. ಕಾರ್ಡು ತೋರಿಸಿ ಬೆರಳಚ್ಚು ಇಟ್ಟರೆ ಇರುವ ಊರಿನ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ಬೇರೆ ರಾಜ್ಯದಲ್ಲಾದರೆ ಆಹಾರ ಭದ್ರತಾ ಕಾಯಿದೆಗೆ ಸೇರಿದ ಕಾರ್ಡುಗಳಿಗೆ ಮಾತ್ರ ಇದು ನಡೆಯುತ್ತದೆ. ನಿಮ್ಮ ಕಾರ್ಡು ಯಾವುದೆಂದು ಊರು ಬಿಡುವ ಮೊದಲೇ ಕೇಳಿಕೊಳ್ಳಿ.

ಕಿಡೈ ದುಡ್ಡು ಒಲೆಗೆ ಎಂದ ಮೇಲೆ ಮಂದೆಯ ಖರ್ಚಿಗೆ ಏನು? ಅದಕ್ಕೆ ಮರಿ ಮಾರಿದ ದುಡ್ಡು. ಜಂತುಹುಳುವಿನ ಔಷಧಿ, ಲಸಿಕೆ, ಬೀಳು ಹೊಲದ ಮೇವಿನ ಗುತ್ತಿಗೆ, ಮರಿ ಸಾಗಿಸುವ ವ್ಯಾನು, ಹೊಸ ಬಲೆ, ಎಲ್ಲ ಅದರಲ್ಲೇ ಆಗಬೇಕು. ಇವೆರಡನ್ನು ಒಂದೇ ಗಂಟಿನಲ್ಲಿ ಕಟ್ಟಿದರೆ ಮದುವೆಯ ಮುಯ್ಯಿಗೆ ಔಷಧಿಯ ದುಡ್ಡು ಹೋಗುತ್ತದೆ, ಆಮೇಲೆ ಮಳೆಯಲ್ಲಿ ಕುರಿ ಸಾಯುತ್ತದೆ.

ಮೇವಿನ ಬಾಬ್ತು ಈಚೆಗೆ ಬೆಳೆದಿದೆ. 2021ರ ಫೆಬ್ರವರಿಯಲ್ಲಿ ಶ್ರೀವಿಲ್ಲಿಪುತ್ತೂರು-ಮೇಘಮಲೈ ಹುಲಿ ಮೀಸಲು ಪ್ರದೇಶವಾಯಿತು. 2022ರ ಮಾರ್ಚಿನಲ್ಲಿ ಮದರಾಸು ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ತಡೆದು, ಅದೇ ತಿಂಗಳಲ್ಲಿ ಆ ತಡೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತ ಮಾಡಿತು. ಇನ್ನೊಂದು ಕಡೆ 2006ರ ಅರಣ್ಯ ಹಕ್ಕು ಕಾಯಿದೆ ಅಲೆಮಾರಿ ದನಗಾಹಿಗಳ ಹಕ್ಕನ್ನೂ ಹೇಳುತ್ತದೆ. ಈ ವಾದ ಏನೇ ಇರಲಿ, ಮಲೆಮಾಡು ಸಾಕುವವರಿಗೆ ಒಂದು ಮಾತು ಸ್ಪಷ್ಟ: ತಂದೆಯ ಕಾಲದಲ್ಲಿ ಬೆಟ್ಟ ಕೊಡುತ್ತಿದ್ದ ಮೇವಿಗೆ ಈಗ ಲೆಕ್ಕದಲ್ಲಿ ಒಂದು ಸಾಲು ಬರೆಯಬೇಕು. ಹಳೆಯ ಲೆಕ್ಕದಲ್ಲಿ ಹೊಸ ವರ್ಷ ಕಳೆಯುವುದಿಲ್ಲ.

ತೆಗೆದಿಟ್ಟ ದುಡ್ಡನ್ನು ಎಲ್ಲಿ ಇಡುವುದು? ಗುಡಾರದ ಟ್ರಂಕಿನಲ್ಲಿ ಇಟ್ಟರೆ ಮಳೆ, ಕಳ್ಳ, ನೆಂಟ, ಮೂವರಿಗೂ ದಾರಿ. ಬ್ಯಾಂಕಿನಲ್ಲಿ ಮೂಲ ಉಳಿತಾಯ ಖಾತೆ ಎಂದು ಒಂದಿದೆ. ಅದರಲ್ಲಿ ಇಷ್ಟೇ ದುಡ್ಡು ಇರಬೇಕೆಂಬ ಕಟ್ಟಳೆ ಇಲ್ಲ. ತಿಂಗಳಿಗೆ ನಾಲ್ಕು ಸಲವಾದರೂ ದುಡ್ಡು ತೆಗೆಯಲು ಶುಲ್ಕವಿಲ್ಲ. ಅಂಚೆಯವರ ಪೇಮೆಂಟ್ಸ್ ಬ್ಯಾಂಕು 2018ರಿಂದ ಇದೆ, ಹಳ್ಳಿಯ ಅಂಚೆ ಕಚೇರಿಯಲ್ಲೂ ದುಡ್ಡು ಕಟ್ಟಬಹುದು. ಆದರೆ ಎರಡು ವರ್ಷ ಖಾತೆಯನ್ನು ಮುಟ್ಟದೆ ಬಿಟ್ಟರೆ ಅದು ನಿದ್ದೆ ಹೋಗುತ್ತದೆ. ನೂರು ರೂಪಾಯಿಯಾದರೂ ಆಗಾಗ ಹಾಕಿ ತೆಗೆಯುತ್ತಿರಿ.

ಈಗ ತಂಡಲ್ ವಿಷಯ. ಹತ್ತು ಸಾವಿರ ಸಾಲವೆಂದು ಬರೆದುಕೊಂಡು, 1,500 ಮೊದಲೇ ಹಿಡಿದು, 8,500 ಕೈಗಿಟ್ಟು, ದಿನಕ್ಕೆ ನೂರರಂತೆ ನೂರು ದಿನ ಕಟ್ಟಿಸಿಕೊಳ್ಳುವ ಪದ್ಧತಿ ನಿಮಗೆ ಗೊತ್ತು. ಕೇಳಲು ನೂರಕ್ಕೆ ಹದಿನೈದು ಬಡ್ಡಿಯಂತಿದೆ. ಆದರೆ ಅಸಲು ದಿನದಿನ ಕರಗುತ್ತಿರುವುದರಿಂದ ಸರಾಸರಿ ನಿಮ್ಮ ಕೈಯಲ್ಲಿ ಇದ್ದದ್ದು ನಾಲ್ಕು ಸಾವಿರ ಚಿಲ್ಲರೆ ಮಾತ್ರ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ನೂರಿಪ್ಪತ್ತಕ್ಕೂ ಮೇಲೆ ಬಡ್ಡಿ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಬಡ್ಡಿ ಹಾಕಿಯೇ ವಯಸ್ಸು ಕಳೆದವನ ಮಾತು ಇದು, ನೀವೇ ಕೂಡಿ ನೋಡಬಹುದು. ಅತಿಬಡ್ಡಿಯನ್ನು ತಡೆಯುವ ಕಾಯಿದೆ ತಮಿಳುನಾಡಿನಲ್ಲಿ 2003ರಿಂದ ಇದೆ. ಆದರೂ ಹೊತ್ತಿಗೆ ಅಕ್ಕಿ ಬೇಕಾದವನಿಗೆ ಕಾಯಿದೆ ನೆನಪಾಗುವುದಿಲ್ಲ.

ಸಾಲ ಬೇಕೇ ಬೇಕಾದರೆ ಕಿಸಾನ್ ಕ್ರೆಡಿಟ್ ಕಾರ್ಡನ್ನು ಕೇಳಿ. 2019ರಲ್ಲಿ ಇದನ್ನು ಕುರಿ, ದನ ಸಾಕುವವರಿಗೂ ವಿಸ್ತರಿಸಿದರು. ಎರಡು ಲಕ್ಷದವರೆಗೆ ಬಡ್ಡಿ ಶೇಕಡಾ 7, ವಾಯಿದೆ ತಪ್ಪದೆ ಕಟ್ಟಿದವರಿಗೆ ಶೇಕಡಾ 4. ಇಂಥ ರಿಯಾಯಿತಿಯನ್ನು ಸರ್ಕಾರ ಆಗಾಗ ಮುಂದುವರಿಸುತ್ತಾ ಬರುವುದರಿಂದ ಸಾಲ ತೆಗೆಯುವ ದಿನ ಒಮ್ಮೆ ವಿಚಾರಿಸಿ. ಇದಕ್ಕೆ ಮಳೆ ಬಿದ್ದ ಮೇಲೆ ಓಡಬೇಡಿ, ಬೇಸಗೆಯಲ್ಲೇ ಹೋಗಿ. ಕಾಗದಪತ್ರಕ್ಕೆ ಹೊತ್ತು ಹಿಡಿಯುತ್ತದೆ.

ಮಳೆಗಾಲದಲ್ಲಿ ಕೈ ಬರಿದಾದರೆ ಸಾಲ ಬಿಟ್ಟರೆ ಉಳಿಯುವ ದಾರಿ ತಾಯಿಕುರಿಯನ್ನು ಮಾರುವುದು. ಎಲ್ಲರೂ ಮಾರುವ ಹೊತ್ತು ಅದು, ಕೊಳ್ಳುವವನು ಹೇಳಿದ್ದೇ ಬೆಲೆ. ಅದು ಒಂದು ಕುರಿಯಲ್ಲ. ಮುಂದಿನ ವರ್ಷದ ಮರಿಯೂ ಹೋಯಿತು, ಗೊಬ್ಬರವೂ ಹೋಯಿತು, ಮಂದೆ ಸಣ್ಣದಾದ್ದರಿಂದ ಕಿಡೈ ಕೂಲಿಯೂ ಇಳಿಯಿತು. ಹೀಗೆ ನಾಲ್ಕು ಮಳೆಗಾಲ ಕಳೆದರೆ ಮಂದೆಯ ಯಜಮಾನ ಇನ್ನೊಬ್ಬರ ಮಂದೆಗೆ ಕೂಲಿಯವನಾಗುತ್ತಾನೆ. ದಿನಕ್ಕೆ 254 ರೂಪಾಯಿ ಎತ್ತಿಡುವುದು ಜಿಪುಣತನವಲ್ಲ, ಆ ತಾಯಿಕುರಿಯನ್ನು ಹಟ್ಟಿಯಲ್ಲೇ ಉಳಿಸಿಕೊಳ್ಳುವ ದಾರಿ.

ಓದುಬರಹ ಬೇಕೆಂದೇನೂ ಇಲ್ಲ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇಟ್ಟುಕೊಳ್ಳಿ. ಕಿಡೈ ಸಿಕ್ಕಿದ ದಿನದ ಹಾಳೆಯನ್ನು ಒಂದು ಡಬ್ಬಿಗೆ, ಸಿಗದ ದಿನದ್ದನ್ನು ಇನ್ನೊಂದಕ್ಕೆ ಹಾಕಿ. ವರ್ಷ ತಿರುಗಿದಾಗ ಮಕ್ಕಳ ಕೈಯಲ್ಲಿ ಎಣಿಸಿರಿ. ಮೊದಲ ಡಬ್ಬಿಯ ಎಣಿಕೆ ನಿಮ್ಮ ವರಮಾನ, ಎರಡನೆಯದು ನೀವು ಕೂಡಿಡಬೇಕಾದ ದಿನ. ಈ ವರ್ಷದ ಎಣಿಕೆಯನ್ನು ಇಂದಿನ ಹಾಳೆಯಿಂದಲೇ ಶುರುಮಾಡಬಹುದು.